ಶುಕ್ರವಾರ ಹನ್ನೆರಡು ಗಂಟೆಯೊಳಗೆ ಯಾರೂ ಬಾಯಿಬಿಡದಿದ್ದರೆ

ಯೆಸೆನಿತ್ಸೆ,
11 ಜನವರಿ 2016

ಮಗಳೇ ಯೆರ್ನೆಯಾ,

ಫೋನಿನಲ್ಲಿ ನಾನು ಕೂಗಾಡುತ್ತೇನೆ, ನೀನು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಸಿಟ್ಟಿನಿಂದ ಎಸೆದರೂ ಮತ್ತೆ ಎತ್ತಿಕೊಂಡು ಓದಬಹುದು.

ಎಸ್ಟೋನಿಯಾದವರು ಎದ್ದು ಹೋದರಂತಲ್ಲ? ಷೇರು ಕೊಂಡು ಮಾರುವವರ ಮೇಲೆ ತೆರಿಗೆ ಹಾಕೋಣ ಎಂದು ಇಡೀ ಯುರೋಪಿನಲ್ಲಿ ಮುಂದೆ ಬಂದಿದ್ದೇ ಹನ್ನೊಂದು ದೇಶ. ಈಗ ಹತ್ತು. ಒಂಬತ್ತಕ್ಕಿಂತ ಕೆಳಗಿಳಿದರೆ ಅಂಗಡಿ ಮುಚ್ಚಬೇಕು ಎಂದು ಪತ್ರಿಕೆಯಲ್ಲಿ ಬಂದಿದೆ. ನಿವೃತ್ತರ ಕ್ಲಬ್ಬಿನಲ್ಲಿ ಶ್ಟೆಫ್ ಆ ಪತ್ರಿಕೆಯನ್ನು ಮಡಿಸಿ ಮೇಜಿಗೆ ಬಡಿದ.

"ಏನಯ್ಯಾ ಲೋವ್ರೊ, ನಿನ್ ಮಗಳು ನಮ್ ದೇಶದ ಪರವಾಗಿ ಅದೇ ಮಾತುಕತೆ ಕೋಣೇಲಿ ಕೂತಿರ್ತಾಳೆ ಅಂತೀಯ. ಎದ್ದು ಹೋಗೋರ ಅಂಗಿ ಹಿಡಿದು ಕೂರಿಸೋಕೆ ಆಗ್ಲಿಲ್ವಾ?"

"ಅವಳ ಕುರ್ಚಿ ಆ ಕಡೆಗಿತ್ತು ಕಣೋ, ಕೈ ಎಟುಕಲಿಲ್ಲ" ಎಂದೆ. ಎಲ್ಲರೂ ನಕ್ಕರು. ಆದರೆ ಶ್ಟೆಫ್‌ಗೆ ನಗು ಬರಲಿಲ್ಲ. ಚಳಿಗಾಲ ಬಂತೆಂದರೆ ಚೌಕದಲ್ಲಿ ನಿಂತು ಈ ತೆರಿಗೆಗಾಗಿ ಸಹಿ ಕೇಳಿದವರು ನಾವಿಬ್ಬರೇ. ಹಿಮದಲ್ಲಿ ಅವನ ಕಾಲ್ಬೆರಳು ಊದಿಕೊಂಡಿದ್ದು ನಿನಗೂ ನೆನಪಿರಬೇಕು.

ನಿನಗೆ ಹೇಳಬೇಕಾದ್ದೇನಿಲ್ಲ, ಆದರೂ ಹೇಳುತ್ತೇನೆ. ನಾನು ಕೊಳ್ಳುವ ರೊಟ್ಟಿಗೆ ತೆರಿಗೆ ಕಟ್ಟುತ್ತೇನೆ. ನಿನ್ನಮ್ಮನ ಶವಪೆಟ್ಟಿಗೆಗೂ ಕಟ್ಟಿದೆ. ನಮ್ಮ ತಂತಿ ಕಾರ್ಖಾನೆಯನ್ನು ಬೆಳಿಗ್ಗೆ ಕೊಂಡು ಸಂಜೆ ಮಾರಿದವನು ಏನೂ ಕಟ್ಟಲಿಲ್ಲ. ಕೊನೆಯ ಮಾಲೀಕನ ಕಡೆಯವನೊಬ್ಬ ಬೀಗ ಹಾಕಲು ಬಂದಾಗ ನನ್ನನ್ನೇ ಕೇಳಿದ್ದ, "ಇಲ್ಲಿ ಏನ್ ಮಾಡ್ತಿದ್ರಿ ನೀವೆಲ್ಲಾ?" ಅವನಿಗೆ ಗೊತ್ತೇ ಇರಲಿಲ್ಲ. ಆ ಮಾತು ಇವತ್ತಿಗೂ ಎದೆಯಲ್ಲಿ ಕೂತಿದೆ.

ಆ ಕೋಣೆಯಲ್ಲಿ ನೀವೆಲ್ಲ ಏನು ಮಾಡುತ್ತೀರಿ, ಬಿಡಿಸಿ ಬರೆ. ಕ್ಲಬ್ಬಿನ ಕಾರ್ಯದರ್ಶಿ ನಾನು. ನಾಲ್ಕು ಜನ ಕೇಳುತ್ತಾರೆ.

ನಿನ್ನ ಅಪ್ಪ,
ಲೋವ್ರೊ

*

ಬ್ರಸೆಲ್ಸ್,
30 ಜನವರಿ 2016

ಪ್ರೀತಿಯ ಅಪ್ಪ,

ಆ ಕೋಣೆಗೆ ಕಿಟಕಿಯಿಲ್ಲ. ಒಂದು ಉದ್ದನೆಯ ಮೇಜು, ಎಲ್ಲರ ಕಿವಿಗೂ ಅನುವಾದಕರ ದನಿ, ಮಧ್ಯಾಹ್ನಕ್ಕೆ ಒಣಗಿದ ಬ್ರೆಡ್ಡು. ಅಲ್ಲಿ ಈ ತೆರಿಗೆಗೆ ವಿರೋಧಿಗಳೇ ಇಲ್ಲ, ಕಷ್ಟವಿರುವುದೇ ಅಲ್ಲಿ. ವಿರೋಧಿಗಳಿದ್ದರೆ ಜಗಳವಾದರೂ ಆಡಬಹುದಿತ್ತು.

ಒಬ್ಬೊಬ್ಬರೂ ಮೈಕಿನ ಗುಂಡಿ ಒತ್ತಿ "ನಮ್ಮದು ಮನಃಪೂರ್ವಕ ಬೆಂಬಲ" ಎಂದು ಶುರು ಮಾಡುತ್ತಾರೆ, ಆಮೇಲೆ "ಆದರೆ" ಬರುತ್ತದೆ. ಒಬ್ಬರಿಗೆ ಪಿಂಚಣಿ ನಿಧಿಗಳನ್ನು ತೆರಿಗೆಯಿಂದ ಬಿಡಬೇಕು. ಇನ್ನೊಬ್ಬರಿಗೆ ಸರ್ಕಾರದ ಸಾಲಪತ್ರಗಳನ್ನು ಬಿಡಬೇಕು. ತೆರಿಗೆ ಷೇರು ಹುಟ್ಟಿದ ದೇಶಕ್ಕೆ ಸೇರಬೇಕೋ ಕೊಂಡವನು ಕೂತಿರುವ ದೇಶಕ್ಕೋ ಎನ್ನುವುದರ ಮೇಲೆ ಎಷ್ಟು ಕಾಲದಿಂದ ಕಿತ್ತಾಡುತ್ತಿದ್ದಾರೋ ಲೆಕ್ಕವಿಲ್ಲ. ದೊಡ್ಡ ಷೇರುಪೇಟೆ ಇರುವವರಿಗೆ ಒಂದು ರುಚಿಸಿದರೆ ಪೇಟೆಯೇ ಇಲ್ಲದ ನಮ್ಮಂಥವರಿಗೆ ಇನ್ನೊಂದು. ನಮ್ಮ ಕಚೇರಿಯವರ ಕೊರಗು ಏನೆಂದರೆ, ತೆರಿಗೆ ವಸೂಲಿಗೆ ಆಗುವ ಖರ್ಚು ಬರುವ ತೆರಿಗೆಗಿಂತ ಜಾಸ್ತಿಯಾಗಬಹುದು. ಅದು ಪೂರ್ತಿ ಸುಳ್ಳೂ ಅಲ್ಲ ಅಪ್ಪ. ಲಂಡನ್ನಿನವರು ಹೊರಗೆ ನಿಂತು "ಹಾಕ್ಕೊಳಿ, ಹಾಕ್ಕೊಳಿ, ನಿಮ್ ಗಿರಾಕಿಗಳನ್ನ ನಾವು ನೋಡ್ಕೋತೀವಿ" ಎಂದು ನಗುತ್ತಾರೆ.

ಇಲ್ಲೊಂದು ಪದ್ಧತಿ ಇದೆ, ಕೇಳಿದರೆ ಶ್ಟೆಫ್ ಮಾವನಿಗೆ ಮೋಜೆನಿಸಬಹುದು. ಎಲ್ಲರೂ ಮಾತಾಡಿ ಸುಸ್ತಾದ ಮೇಲೆ ಅಧ್ಯಕ್ಷರು ಒಂದು ಕರಡು ಬರೆದು ಹತ್ತೂ ದೇಶಗಳಿಗೆ ಕಳಿಸುತ್ತಾರೆ. ಇಂಥ ದಿನ ಇಂಥ ಗಂಟೆಯೊಳಗೆ ಯಾರೂ ಬಾಯಿಬಿಡದಿದ್ದರೆ ಎಲ್ಲರಿಗೂ ಒಪ್ಪಿಗೆ ಎಂದೇ ಲೆಕ್ಕ. ಕೈ ಎತ್ತಬೇಕಾಗಿಲ್ಲ, ಸಹಿ ಹಾಕಬೇಕಾಗಿಲ್ಲ. ಒಬ್ಬರೇ ಒಬ್ಬರು ಒಂದು ಸಾಲು ಬರೆದರೂ ಕರಡು ಸತ್ತಂತೆ. ಅದಕ್ಕೆ ಮೌನ ಮುರಿಯುವುದು ಎನ್ನುತ್ತಾರೆ. ನಮ್ಮ ಕರಡು ಮೇ ತಿಂಗಳಲ್ಲಿ ಬರುತ್ತದಂತೆ. ಬರೀ ಷೇರುಗಳ ಮೇಲೆ, ನೂರು ಯೂರೋಗೆ ಹತ್ತು ಸೆಂಟು. ನೀನು ಚೌಕದಲ್ಲಿ ಕೇಳಿದ್ದಕ್ಕಿಂತ ತೀರಾ ಸಣ್ಣದು. ಆದರೆ ಶುರುವಾಗುತ್ತದೆ.

ನಿನ್ನ,
ಯೆರ್ನೆಯಾ

*

ಯೆಸೆನಿತ್ಸೆ,
3 ಮೇ 2016

ಮಗಳೇ,

ನಿನ್ನ ಕಾಗದವನ್ನು ಕ್ಲಬ್ಬಿನಲ್ಲಿ ಗಟ್ಟಿಯಾಗಿ ಓದಿದೆ. ಬಾಯಿ ಮುಚ್ಚಿಕೊಂಡು ಕೂತರೆ ಕಾನೂನಾಗುತ್ತದೆ ಎನ್ನುವುದನ್ನು ಯಾರೂ ನಂಬಲಿಲ್ಲ. ಶ್ಟೆಫ್ ಅಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೋವ್ರೊನ ಮಗಳಿಗೆ ಬಾಯಿ ಮುಚ್ಚು ಅಂತ ಹೇಳಿ ಹೇಳಿ ಮೇಷ್ಟ್ರುಗಳೆಲ್ಲಾ ಸೋತು ಹೋದ್ರು. ಈಗ ದೇಶಕ್ಕೋಸ್ಕರ ಮುಚ್ಕೋಬೇಕಂತೆ, ಪಾಪ!"

ಮೇ ದಿನದ ಹಿಂದಿನ ಸಂಜೆ ಗುಡ್ಡದ ಮೇಲೆ ಬೆಂಕಿ ಹಾಕಿದ್ದೆವು. ಈ ಸಲ ಜನ ಜಾಸ್ತಿಯೇ ಇದ್ದರು. ಭಾಷಣ ಮಾಡು ಎಂದು ನನ್ನನ್ನು ನಿಲ್ಲಿಸಿದರು. ನೀನು ಆಮೇಲೆ ಫೋನಿನಲ್ಲಿ ತಿಳಿಸಿದ ಹಾಗೆ ಇಪ್ಪತ್ತನೇ ತಾರೀಕು ಶುಕ್ರವಾರ ಹನ್ನೆರಡು ಗಂಟೆಗೆ, ನಮ್ಮ ಊರಿನ ಹುಡುಗಿ ಕೂತಿರುವ ಕೋಣೆಯಲ್ಲಿ ಆ ತೆರಿಗೆ ಹುಟ್ಟುತ್ತದೆ ಎಂದು ಹೇಳಿಬಿಟ್ಟೆ. ಹೇಳಬಾರದಿತ್ತೇನೋ. ಆದರೆ ಎದೆ ಉಬ್ಬಿಹೋಗಿತ್ತು, ತಡೆಯಲಾಗಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ನಾವು ಗೆದ್ದದ್ದು ಏನಾದರೂ ಇದ್ದರೆ ಇದೊಂದೇ.

ಸುಮ್ಮನಿರು, ಅಷ್ಟೇ. ನಿನ್ನಿಂದ ಬೇರೇನೂ ಬೇಡ.

ಅಪ್ಪ

*

ಬ್ರಸೆಲ್ಸ್,
21 ಮೇ 2016

ಅಪ್ಪ,

ಈ ಕಾಗದ ತಲುಪುವ ಮೊದಲೇ ಪತ್ರಿಕೆ ಬಂದಿರುತ್ತದೆ. ಮೌನ ಮುರಿದಿದ್ದು ನಮ್ಮ ದೇಶ. ಆ ಸಾಲು ಬರೆದು ಕಳಿಸಿದವಳು ನಾನು.

ಕಾರಣ ಕೇಳಬೇಡ. ಹೇಳುವ ಹಾಗಿಲ್ಲ.

ಯೆರ್ನೆಯಾ

*

ಯೆಸೆನಿತ್ಸೆ,
9 ಜೂನ್ 2016

ಯೆರ್ನೆಯಾ,

ಕಾಗದ ಬಂತು. ಪತ್ರಿಕೆಯೂ ಬಂತು. ನಿಮ್ಮ ಹತ್ತರಲ್ಲೇ ಒಂದಾದ ದೊಡ್ಡ ದೇಶದ ಮಂತ್ರಿಗಳು ದೂರದರ್ಶನದಲ್ಲಿ ಕಣ್ಣೊರೆಸಿಕೊಳ್ಳುವುದೊಂದು ಬಾಕಿ. "ಕೆಲವು ಸಣ್ಣವರ ಸ್ವಾರ್ಥದಿಂದ ಯುರೋಪಿನ ದುಡಿಯುವ ಜನರ ಕನಸು ಮುರಿಯಿತು" ಎಂದರು. ಆ ಸಣ್ಣವರು ನಾವು.

ಪತ್ರಿಕೆಯಲ್ಲಿ ನಿನ್ನ ಹೆಸರಿಲ್ಲ. ಆದರೆ ಈ ಊರಿನಲ್ಲಿ ಅದು ಗೊತ್ತಿಲ್ಲದವರಿಲ್ಲ. ಊರೆಲ್ಲ ಸಾರಿಕೊಂಡು ಬಂದವನು ನಾನೇ ತಾನೇ? ಬ್ರೆಡ್ಡಿನಂಗಡಿಯವಳು ಚಿಲ್ಲರೆ ಕೊಡುವಾಗ ಮುಖ ನೋಡುವುದಿಲ್ಲ. ಮೊದಲೆಲ್ಲ "ನಿಮ್ ಯೆರ್ನೆಯಾ ಹೇಗಿದಾಳೆ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಶ್ಟೆಫ್ ಒಂದು ಮಾತೂ ಆಡಿಲ್ಲ. ಬರುತ್ತಾನೆ, ಇಸ್ಪೀಟು ಹಂಚುತ್ತಾನೆ, ಆಡುತ್ತಾನೆ, ಹೋಗುತ್ತಾನೆ. ಎರಡು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಒಂದೇ ಒಂದು ಕೇಳುತ್ತೇನೆ. ಮಾಡು ಎಂದರು, ಮಾಡಿದೆಯಾ? ಇಲ್ಲ, ಈ ತೆರಿಗೆ ಕೆಟ್ಟದ್ದೆಂದು ನಿನಗೇ ಅನ್ನಿಸಿ ಮಾಡಿದೆಯಾ? ಎರಡನೆಯದಾದರೆ ಜಗಳವಾಡೋಣ, ನಾನು ತಯಾರಿದ್ದೇನೆ. ಮೊದಲನೆಯದಾದರೆ ಏನು ಹೇಳಬೇಕೋ ತಿಳಿಯುತ್ತಿಲ್ಲ.

ಲೋವ್ರೊ

*

ಬ್ರಸೆಲ್ಸ್,
2 ಜುಲೈ 2016

ಅಪ್ಪ,

ಕರಡಿನಲ್ಲಿ ಸಣ್ಣ ಆರ್ಥಿಕತೆಗಳ ಹಿತವನ್ನು ಸಾಕಷ್ಟು ಗಮನದಲ್ಲಿಟ್ಟುಕೊಂಡಿರಲಿಲ್ಲ. ವಸೂಲಿಯ ಹೊರೆ ಮತ್ತು ಆದಾಯದ ನಡುವೆ ಸಮತೋಲನ ಇರಲಿಲ್ಲ. ಆದ್ದರಿಂದ ಇನ್ನಷ್ಟು ಪರಿಶೀಲನೆ ಆಗಬೇಕೆಂದು ನಮ್ಮ ನಿಯೋಗ ಸೂಚಿಸಿತು. ತತ್ವದ ಮಟ್ಟದಲ್ಲಿ ನಮ್ಮ ಬೆಂಬಲ ಈಗಲೂ ಇದೆ.

ನಿನ್ನ ಆರೋಗ್ಯ ನೋಡಿಕೋ.

ಯೆರ್ನೆಯಾ

*

ಯೆಸೆನಿತ್ಸೆ,
8 ಜುಲೈ 2016

ಇದನ್ನು ಬರೆದವರು ನಿಮ್ಮ ಕಚೇರಿಯವರು. ಅವರ ಪರಿಚಯ ನನಗಿಲ್ಲ. ಮಗಳಿಗೆ ಪುರುಸೊತ್ತಾದಾಗ ಬರೆಯಲಿ.

ಲೋ. ರಾ.

*

ಬ್ರಸೆಲ್ಸ್,
18 ಸೆಪ್ಟೆಂಬರ್ 2016

ಅಪ್ಪ,

ಬರೆಯುತ್ತೇನೆ. ಓದಿ ಒಲೆಗೆ ಹಾಕು. ಇದು ಹೊರಗೆ ಬಂದರೆ ನನ್ನ ಕೆಲಸ ಹೋಗುತ್ತದೆ, ಬೇರೆ ಕಡೆಯೂ ಸಿಗುವುದಿಲ್ಲ.

ಆ ವಾರ ಬುಧವಾರ ನಮ್ಮ ಕೋಣೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಈ ತೆರಿಗೆಯ ಪರ ಮಾತಾಡುವ ದೇಶದ ಪ್ರತಿನಿಧಿ ನನ್ನನ್ನು ಕಾಫಿಗೆ ಕರೆದ. ದೇಶದ ಹೆಸರು ಬರೆಯುವುದಿಲ್ಲ. ದೂರದರ್ಶನದಲ್ಲಿ ನೀನು ನೋಡಿದೆಯಲ್ಲ, ಆ ಮಂತ್ರಿಗಳ ದೇಶವೇ. ಒಳ್ಳೆಯ ಮನುಷ್ಯ. ಮಕ್ಕಳ ಫೋಟೋ ತೋರಿಸಿದ. ಆಮೇಲೆ ಹೇಳಿದ.

"ನಮ್ಮ ಕಡೆ ಬ್ಯಾಂಕಿನೋರು ಮಂತ್ರಿಗಳ ಕುತ್ತಿಗೆ ಮೇಲೆ ಕೂತಿದಾರೆ. ಈ ಕರಡು ಪಾಸಾಗ್ಬಾರ್ದು."

"ಹಾಗಾದ್ರೆ ನೀವೇ ಮುರೀರಿ."

"ಅದು ಹೇಗಾಗತ್ತೆ? ಚುನಾವಣೇಲಿ ಮಾತು ಕೊಟ್ಟಿದೀವಿ. ನಾವು ಮುರಿದ್ರೆ ಜನ ಕಲ್ಲು ಹೊಡೀತಾರೆ. ನೀವಾದ್ರೆ ಯಾರೂ ಕೇಳಲ್ಲ."

"ನಮ್ಮಲ್ಲೂ ಜನ ಇದಾರೆ."

"ಇದಾರೆ, ಇದಾರೆ" ಎಂದು ಕಾಫಿಗೆ ಸಕ್ಕರೆ ಹಾಕಿಕೊಂಡ. "ಆಮೇಲೆ ನಮ್ಮ ಮಂತ್ರಿಗಳು ನಿಮ್ಮನ್ನ ಸ್ವಲ್ಪ ಬೈತಾರೆ. ಅದನ್ನೆಲ್ಲಾ ಮನಸ್ಸಿಗೆ ಹಚ್ಕೋಬೇಡಿ. ಯುರೋಪಿನ ನಿಧಿ ಹಂಚೋ ಸಮಿತೀಲಿ ಬಿದ್ದಿರೋ ನಿಮ್ದೊಂದು ಕಡತ ಹೇಳಿ. ನಾವು ಅಡ್ಡ ಬರಲ್ಲ, ಪಕ್ಕದೋರನ್ನೂ ಒಪ್ಪಿಸ್ತೀವಿ."

ಲ್ಯುಬ್ಲಿಯಾನಾದ ನಮ್ಮ ಮಂತ್ರಾಲಯಕ್ಕೆ ಫೋನು ಮಾಡಿದೆ. ನನ್ನ ಮೇಲಧಿಕಾರಿ ಕೋಸ್ಮಾಚ್ ಎಲ್ಲ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟರು.

"ಏನ್ ಮಾಡ್ಲಿ ಸಾರ್? ಒಂದು ಸಾಲು ಸೂಚನೆ ಬರೆದು ಕಳಿಸಿ."

"ಬರೆದು ಕಳ್ಸೋದೇನಿದೆ ಯೆರ್ನೆಯಾ? ನೀವು ಅನುಭವ ಇರೋರು. ನೋಡ್ಕೊಂಡು ಮಾಡಿ."

"ಮುರೀದೆ ಇದ್ರೆ?"

"ಮುರೀದೆ ಇದ್ರೆ ಇಲ್ಲ, ಅಷ್ಟೇ. ನಾಳೆ ಮಂತ್ರಿಗಳು ಯಾಕೆ ಮುರೀಲಿಲ್ಲ ಅಂತ ಕೇಳಿದ್ರೆ ನನ್ಗೆ ಗೊತ್ತಿಲ್ಲ ಅಂತೀನಿ. ಯಾಕೆ ಮುರಿದ್ರಿ ಅಂತ ಕೇಳಿದ್ರೂ ನನ್ಗೆ ಗೊತ್ತಿಲ್ಲ."

ಮೌನ ಮುರಿಯಲು ಮೇಲಿನವರ ಬರಹದ ಸೂಚನೆ ಬೇಕು. ಅದಿಲ್ಲದಿದ್ದರೆ ಸುಮ್ಮನಿರಬೇಕು. ಇದು ಇಲ್ಲಿ ಹೊಸದಾಗಿ ಬಂದ ಹುಡುಗರಿಗೂ ಗೊತ್ತು. ಅಂದರೆ ನಾನು ಸುಮ್ಮನಿದ್ದಿದ್ದರೆ ಯಾರೂ ನನ್ನನ್ನು ಏನೂ ಅನ್ನುವಂತಿರಲಿಲ್ಲ. ನೀನು ಹೇಳಿದ್ದೂ ಅದನ್ನೇ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ನಾನು ಮುರಿಯದಿದ್ದರೆ ಅವನು ಇನ್ನೊಂದು ಸಣ್ಣ ದೇಶವನ್ನು ಕಾಫಿಗೆ ಕರೆಯುತ್ತಾನೆ. ಅವರು ಮುರಿಯುತ್ತಾರೆ. ತೆರಿಗೆ ಹೇಗೂ ಸಾಯುತ್ತದೆ, ಕೂಲಿ ಮಾತ್ರ ಬೇರೆಯವರಿಗೆ ಹೋಗುತ್ತದೆ. ಶುಕ್ರವಾರ ಬೆಳಿಗ್ಗೆ ಅವನಿಗೆ ಫೋನು ಮಾಡಿದೆ. "ಯೆಸೆನಿತ್ಸೆಯಲ್ಲಿ ಒಂದು ಹಳೇ ತಂತಿ ಕಾರ್ಖಾನೆ ಇದೆ. ಅದನ್ನ ರಿಪೇರಿ ಮಾಡಿಸಿ ತರಬೇತಿ ಕೇಂದ್ರ ಮಾಡೋ ಕಡತ ನಾಲ್ಕು ವರ್ಷದಿಂದ ಬಿದ್ದಿದೆ" ಎಂದೆ. ಅವನು ಬರೆದುಕೊಂಡ. ಊರಿನ ಹೆಸರನ್ನು ಎರಡು ಸಲ ಹೇಳಬೇಕಾಯಿತು. ಹನ್ನೊಂದೂವರೆಗೆ ಆ ಸಾಲು ಕಳಿಸಿದೆ.

ಅಲ್ಲಿಯವರೆಗೆ ಬೇರೆ ಯಾವ ದೇಶವೂ ಬರೆದಿರಲಿಲ್ಲ ಅಪ್ಪ. ಆ ಅರ್ಧ ಗಂಟೆಯಲ್ಲಿ ಯಾರಾದರೂ ಬರೆಯುತ್ತಿದ್ದರೋ ಇಲ್ಲವೋ ನನಗೆ ಯಾವತ್ತೂ ಗೊತ್ತಾಗುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಇದು. ಯಾರೂ ಮಾಡು ಎನ್ನಲಿಲ್ಲ. ತೆರಿಗೆ ಕೆಟ್ಟದ್ದೆಂದೂ ನನಗನ್ನಿಸಿರಲಿಲ್ಲ. ನಿನಗೆ ಏನಾದರೂ ಕೈಗೆ ಸಿಗಲಿ ಎಂದು ಮಾಡಿದೆ.

ನಿನ್ನ,
ಯೆರ್ನೆಯಾ

*

ಯೆಸೆನಿತ್ಸೆ,
16 ಅಕ್ಟೋಬರ್ 2016

ಯೆರ್ನೆಯಾ,

ಒಲೆಗೆ ಹಾಕಿದ್ದೇನೆ. ಭಯಪಡಬೇಡ.

ಆ ಕಾರ್ಖಾನೆ ಬೇಕೆಂದು ನಾನು ಯಾವತ್ತು ಕೇಳಿದೆ? ಅದು ಹೋಯಿತು, ಅತ್ತಿದ್ದೂ ಆಯಿತು. ಅದನ್ನು ಹಾಗೆ ಮಾರಿದವರು ಇನ್ನೊಂದು ಊರಿನದನ್ನು ಹಾಗೆಯೇ ಮಾರಬಾರದು ಎಂದು ಹಿಮದಲ್ಲಿ ನಿಂತವನು ನಾನು. ಎಷ್ಟು ವರ್ಷ ನನ್ನ ಮನೆಯ ಊಟ ಮಾಡಿದೆ, ಇಷ್ಟೂ ಗೊತ್ತಾಗಲಿಲ್ಲವೇ?

ಹಾಳಾಗಲಿ, ನಿನ್ನ ಬಡ್ತಿಗೋಸ್ಕರ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ನೀನು ನನ್ನ ಹೆಸರು ಹೇಳಿಕೊಂಡು ಮಾಡಿದೆ. ಈಗ ನಾನು ಯಾರನ್ನು ಬೈಯಲಿ?

ಅಪ್ಪ

*

ಬ್ರಸೆಲ್ಸ್,
27 ಡಿಸೆಂಬರ್ 2016

ಅಪ್ಪ,

ಹಬ್ಬಕ್ಕೆ ಬರಲೇ ಎಂದು ಎರಡು ಸಲ ಕೇಳಿದ್ದೆ. ಉತ್ತರ ಬರಲಿಲ್ಲ. ಇಲ್ಲೇ ಪೊತಿತ್ಸಾ ಮಾಡಿದೆ. ಅಕ್ರೋಟು ಹಾಕಿ ಸುತ್ತುವಾಗ ಅಮ್ಮನ ಹಾಗೆ ಬಿಗಿಯಾಗಿ ಸುತ್ತಲು ಬರಲಿಲ್ಲ, ಒಲೆಯಲ್ಲಿ ಬಾಯಿಬಿಟ್ಟುಕೊಂಡಿತು. ಒಬ್ಬಳೇ ತಿಂದೆ.

ಕರಡನ್ನು "ಮುಂದಿನ ಪರಿಶೀಲನೆ"ಗೆ ಇಟ್ಟಿದ್ದಾರೆ. ಹತ್ತು ದೇಶಗಳೂ ಈಗಲೂ ಅದೇ ಮೇಜಿನ ಸುತ್ತ ಕೂರುತ್ತೇವೆ. ಎಲ್ಲರದ್ದೂ ಮನಃಪೂರ್ವಕ ಬೆಂಬಲ.

ನಿನ್ನ ಕಡತ ಪಾಸಾಯಿತು.

ಯೆರ್ನೆಯಾ

*

ಯೆಸೆನಿತ್ಸೆ,
23 ಏಪ್ರಿಲ್ 2018

ಯೆರ್ನೆಯಾ,

ಒಂದು ವರ್ಷಕ್ಕೂ ಮೇಲಾಯಿತು ಬರೆದು. ಬರೆಯುವ ಮನಸ್ಸಿರಲಿಲ್ಲ. ಈಗ ಬರೆಯದೆ ಉಪಾಯವಿಲ್ಲ.

ಶನಿವಾರ ತರಬೇತಿ ಕೇಂದ್ರದ ಉದ್ಘಾಟನೆ ಆಯಿತು. ಚೆನ್ನಾಗಿ ಕಟ್ಟಿದ್ದಾರೆ, ಸುಳ್ಳು ಹೇಳಬಾರದು. ಯಂತ್ರಗಳಿದ್ದ ಜಾಗದಲ್ಲಿ ಗಾಜಿನ ಕೋಣೆಗಳು. ನಮ್ಮ ಕ್ಲಬ್ಬಿಗೂ ಒಂದು ಕೋಣೆ ಕೊಟ್ಟಿದ್ದಾರೆ, ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆ ಇದೆ, ಶ್ಟೆಫ್‌ನ ಕಾಲಿಗೆ ಆರಾಮ. ಮಂತ್ರಿಗಳು ಟೇಪು ಕತ್ತರಿಸಿದರು. ಅವರು ಹೋದ ಮೇಲೆ ಊರಿನವರಷ್ಟೇ ಉಳಿದು ಊಟಕ್ಕೆ ಕೂತೆವು. ಹಳೆಯ ಕಾರ್ಮಿಕರ ಪರವಾಗಿ ಎರಡು ಮಾತಾಡು ಎಂದು ನನ್ನನ್ನು ಎಬ್ಬಿಸಿದರು.

ವಂದನೆ ಹೇಳಿ ಕೂರಬೇಕೆಂದೇ ಎದ್ದೆ. ಆ ಗಾಜುಗಳನ್ನು ನೋಡುತ್ತಾ ನಿಂತೆ, ಬಾಯಿಗೆ ವಂದನೆ ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ಕಾಫಿ, ಫೋನು, ಹನ್ನೊಂದೂವರೆ, ಎಲ್ಲ. ನಿನ್ನ ಕೆಲಸ ಹೋಗಬಹುದೆಂದು ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, ಕ್ಷಮೆ ಕೇಳುವುದಿಲ್ಲ. ಈ ಗೋಡೆಗಳು ಎಲ್ಲಿಂದ ಬಂದವು ಎಂದು ಇವರಿಗೆ ಗೊತ್ತಾಗಲಿ, ನಾಚಿಕೆಯಿಂದ ತಲೆ ತಗ್ಗಿಸಲಿ, ನನ್ನ ಜೊತೆ ಇನ್ನೂ ನಾಲ್ಕು ಜನಕ್ಕೆ ಊಟ ಸೇರದೆ ಹೋಗಲಿ ಎಂದುಕೊಂಡೆ.

ಆಮೇಲೆ ಶ್ಟೆಫ್ ಎದ್ದ. ಇಷ್ಟು ದಿನ ನಿನ್ನ ವಿಷಯವಾಗಿ ತುಟಿ ಬಿಚ್ಚದಿದ್ದ ಶ್ಟೆಫ್.

"ಅಲ್ಲಯ್ಯಾ ಲೋವ್ರೊ, ಇಂಥಾ ವಿಷಯಾನ ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡಿದ್ಯಾ? ನಾವು ಆ ಹುಡುಗೀನ ಸುಮ್ಸುಮ್ನೆ ಬೈಕೊಂಡ್ವಲ್ಲೋ! ಬರದೇ ಇರೋ ತೆರಿಗೇನ ಕೊಟ್ಟು ಕಟ್ಟಡ ಕಿತ್ಕೊಂಡು ಬಂದಿದಾಳೆ! ಅಂಥಾ ದೊಡ್ಡೋರ ಹತ್ರ!"

"ನೀನು ಸಹಿ ಕೇಳ್ದೋನು ಕಣೋ" ಎಂದೆ. "ನಿನ್ ಕಾಲ್ಬೆರಳು ಊದಿದ್ದು ಯಾತಕ್ಕೆ?"

"ಅದಕ್ಕೇ ಹೇಳ್ತಿರೋದು. ಬೆರಳು ಊದಿಸ್ಕೊಂಡು ನಾನು ಏನ್ ತಂದೆ? ಅವಳು ನೋಡು, ತಂದ್ಲು."

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ನನ್ನ ಲೋಟ ತುಂಬಿಸಿದರು, ಬೆನ್ನು ಚಪ್ಪರಿಸಿದರು. ಬ್ರೆಡ್ಡಿನಂಗಡಿಯವಳು ಬಂದು ಕೈ ಹಿಡಿದುಕೊಂಡು ನಿನ್ನ ಕ್ಷೇಮ ಕೇಳಿದಳು. ಅಲ್ಲಿದ್ದ ನಗರಸಭೆಯವರೂ ನಕ್ಕರು, ಅಂಥ ಗುಟ್ಟೇನಲ್ಲವಂತೆ, ಎಲ್ಲ ಕಡತವೂ ಹಾಗೇ ಪಾಸಾಗುವುದಂತೆ. ಆದ್ದರಿಂದ ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲ, ಹೆದರಬೇಡ.

ಈಗ ಬರೆಯುತ್ತಿರುವ ಕಾರಣಕ್ಕೆ ಬರುತ್ತೇನೆ. ಕ್ಲಬ್ಬಿನವರು ಒಮ್ಮತದಿಂದ ತೀರ್ಮಾನ ಮಾಡಿದ್ದಾರೆ. ಜೂನ್ ಹತ್ತನೇ ತಾರೀಕು ಭಾನುವಾರ ಹೊಸ ಸಭಾಂಗಣದಲ್ಲಿ ನಿನಗೆ ಸನ್ಮಾನ. ಬ್ಯಾಂಡ್‌ಸೆಟ್ ಹೇಳಿಯಾಗಿದೆ, ಹೋಗಿಬರುವ ಖರ್ಚು ಅವರದೇ. ಕಾರ್ಯದರ್ಶಿಯಾದ್ದರಿಂದ ಆಹ್ವಾನ ನಾನೇ ಬರೆಯಬೇಕು, ಬರೆದಿದ್ದೇನೆ. ದಯಮಾಡಿ ಬಂದು ಸಮಾರಂಭವನ್ನು ಚಂದಗಾಣಿಸಿಕೊಡಬೇಕು.

ಇನ್ನು ಅಪ್ಪನಾಗಿ ಬರೆಯುವುದು. ನೀನು ಬಂದರೆ ಅವರು ನಿನ್ನನ್ನು ವೇದಿಕೆಗೆ ಕರೆಯುತ್ತಾರೆ. ಇಡೀ ಸಭೆ ಎದ್ದು ನಿಲ್ಲುತ್ತದೆ. ನಾನೊಬ್ಬನೇ ಕೂತಿರಬೇಕೆಂದು ನಿನ್ನೆಯಿಂದ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೇನೆ, ಆಗುತ್ತಿಲ್ಲ. ನಿನ್ನ ಮುಖ ನೋಡಿದರೆ ನಾನೂ ಎದ್ದು ಚಪ್ಪಾಳೆ ತಟ್ಟಿಬಿಡುತ್ತೇನೆ.

ಬರಬೇಡ.

ಅಪ್ಪ